ಪದಚರ್ಚೆ: ‘ತಾಪನಿರೋಧಕತೆ’ ತಡೆಯುವುದು ಯಾವುದನ್ನು?

ಗೋಧಿಯ ತುಕ್ಕು ರೋಗಗಳನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುವಾಗ ಎದುರಾದ ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಗೋಧಿಯ ಕೆಲವು ವಂಶವಾಹಿಗಳು ಗಿಡಕ್ಕೆ ಕೊಡುವ ರೋಗನಿರೋಧಕ ಶಕ್ತಿ ಹವೆಯ ತಾಪಮಾನಕ್ಕೆ ತಕ್ಕಂತೆ ಏರಿಳಿಯುತ್ತದೆ. ಕಾಡುಗೋಧಿಯಿಂದ ಬಂದ ವೈಆರ್ 36 ಎಂಬ ವಂಶವಾಹಿ, 2009ರ ಸಂಶೋಧನೆ ತೋರಿಸಿರುವಂತೆ, ಹಳದಿ ತುಕ್ಕನ್ನು ತಡೆಯುವುದು 25ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದೂ ಮುಖ್ಯವಾಗಿ ಬೆಳೆದ ಗಿಡದಲ್ಲಿ. ಆ ತುಕ್ಕನ್ನು ಉಂಟುಮಾಡುವ ಶಿಲೀಂಧ್ರಕ್ಕೆ ಹಿತವಾದ 10–15 ಡಿಗ್ರಿಯ ತಂಪಿನಲ್ಲಿ ಗಿಡಕ್ಕೆ ಈ ವಂಶವಾಹಿಯ ಆಸರೆ ಸಿಗದು.

ಹೆಚ್ಚಿನ ತಾಪದಲ್ಲಿ ತುಕ್ಕನ್ನು ತಡೆಯುವ ಈ ಗುಣವನ್ನು ನಾನು ಮೊದಲು ‘ಅಧಿಕ ತಾಪನಿರೋಧಕತೆ’ ಎಂದು ಬರೆದಿದ್ದೆ. ಕರಡು ಓದಿದ ಸ್ನೇಹಿತರು ಬಿಸಿಲಿನ ಝಳವನ್ನು ತಾಳಿಕೊಳ್ಳುವ ತಳಿ ಎಂದೇ ತಿಳಿದರು. ಹಾಗೆ ತಿಳಿದದ್ದು ಸಹಜ. ರೋಗನಿರೋಧಕ, ಬರನಿರೋಧಕ, ಜಲನಿರೋಧಕ ಎಂಬಲ್ಲೆಲ್ಲ ತಡೆಯಬೇಕಾದದ್ದು ಯಾವುದೋ ಅದೇ ಪೂರ್ವಪದವಾಗಿರುವುದರಿಂದ, ‘ತಾಪದಲ್ಲಿ ನಿರೋಧಕತೆ’ ಎಂದು ಸಪ್ತಮಿಯಲ್ಲಿ ಬಿಡಿಸಿಕೊಳ್ಳಲು ವ್ಯಾಕರಣದ ಅಡ್ಡಿ ಇಲ್ಲದಿದ್ದರೂ ರೂಢಿಗೆ ಒಗ್ಗಿದ ಕಿವಿ ಅದನ್ನು ಒಪ್ಪುವುದಿಲ್ಲ. ‘ತಾಪಸಂವೇದಿ’ ಎಂದರೆ ಶಾಖ ತಗುಲಿ ಕೆಡುವಂಥದ್ದು ಎಂಬ ಧ್ವನಿ ಬರುತ್ತದೆ; ಶಾಖದಲ್ಲೇ ಚುರುಕಾಗುವ ವೈಆರ್ 36ಕ್ಕೆ ಅದು ತೀರ ವಿರುದ್ಧ. ಆದ್ದರಿಂದ ‘ತಾಪಾವಲಂಬಿ ತುಕ್ಕುನಿರೋಧಕತೆ’ ಎಂಬ ರೂಪವೇ ನನಗೆ ಮೆಚ್ಚು. ತಡೆಯುವುದು ತುಕ್ಕನ್ನು ಎಂಬುದು ಅಲ್ಲಿ ತನ್ನ ಜಾಗದಲ್ಲೇ ಇದೆ.

ಇನ್ನೂ ಹೆಚ್ಚು ಕಾಡುತ್ತಿರುವುದು ಕ್ರಿಯಾಪದ. ಕಾಂಡ ತುಕ್ಕನ್ನು ತಡೆಯುವ ಎಸ್‌ಆರ್ 6 ವಂಶವಾಹಿಯುಳ್ಳ ಸಸಿಯ ಎಲೆಯ ಮೇಲೆ, ಸುಮಾರು 20 ಡಿಗ್ರಿಯಲ್ಲಿ, ರೋಗಾಣು ತಗುಲಿದ ಕಡೆ ಸಣ್ಣ ಮಾಸಲು ಚುಕ್ಕೆಗಳಷ್ಟೇ ಕಾಣುತ್ತವೆ. ಅದೇ ಸಸಿ 26 ಡಿಗ್ರಿಯಲ್ಲಿದ್ದರೆ ಎಲೆಯ ಸಿಪ್ಪೆ ಸೀಳಿ, ಮುಟ್ಟಿದರೆ ಬೆರಳಿಗೆ ಕೆಂಗಂದು ಪುಡಿ ಅಂಟುವಂಥ ಗುಳ್ಳೆಗಳು ಏಳುತ್ತವೆ. ಇದನ್ನು ‘ನಿರೋಧಕತೆ ಮುರಿದುಬಿತ್ತು’ ಎಂದು ಬರೆಯುವುದುಂಟು. ಆದರೆ ಶಿಲೀಂಧ್ರದ ಹೊಸ ಪ್ರಭೇದ ಹುಟ್ಟಿಕೊಂಡು ತಳಿಯನ್ನು ಸೋಲಿಸಿದಾಗಲೂ ನಾವು ಬಳಸುವುದು ಇದೇ ಮಾತನ್ನು. ಆ ಸೋಲಿನ ನಂತರ, ಪ್ರಭೇದ ಹರಡಿರುವಷ್ಟು ಕಾಲ ಆ ವಂಶವಾಹಿಯನ್ನು ನೆಚ್ಚುವಂತಿಲ್ಲ. ಎಸ್‌ಆರ್ 6ರ ವಿಷಯ ಹಾಗಲ್ಲ: ಗಿಡವನ್ನು ತಂಪಿಗೆ ತಂದರೆ ತಡೆ ಮರಳುತ್ತದೆ. ಎರಡಕ್ಕೂ ಒಂದೇ ಕ್ರಿಯಾಪದವಾದರೆ, ಸೆಕೆಯ ನಾಲ್ಕು ದಿನ ಸೋತ ಒಳ್ಳೆಯ ತಳಿಯನ್ನು ಓದುಗ ಕೈಬಿಡಬೇಕಾದದ್ದೆಂದು ತಿಳಿದಾನು.

ಹೊಸ ಪ್ರಭೇದದಿಂದಾದ ಸೋಲಿಗೆ ‘ಮುರಿ’ಯನ್ನು ಉಳಿಸಿಕೊಂಡು, ತಾಪಮಾನದಿಂದಾದ ತಾತ್ಕಾಲಿಕ ಸ್ಥಿತಿಗೆ ‘ನಿರೋಧಕತೆ ಅಡಗಿತು’ ಎನ್ನಬಹುದೇ? ‘ಮಂಕಾಯಿತು’ ಎಂದರೆ ಸ್ವಲ್ಪ ಉಳಿದಿದೆ ಎಂಬ ಅರ್ಥ ಬರುತ್ತದೆ. ‘ಸುಪ್ತವಾಯಿತು’ ಎಂಬುದನ್ನು ರೋಗಾಣುವಿನ ಸುಪ್ತಾವಸ್ಥೆಗೆ ಈಗಾಗಲೇ ಬಳಸುತ್ತಿದ್ದೇವೆ. ಕೃಷಿ ಬರಹಗಳಲ್ಲಿ ಇದಕ್ಕೆ ಬೇರೆ ಕ್ರಿಯಾಪದ ಬಳಕೆಯಲ್ಲಿದ್ದರೆ, ಅದು ಬರುವ ವಾಕ್ಯದೊಡನೆ ದಯವಿಟ್ಟು ತಿಳಿಸಿ.