ಶಿರಸಿ–ಸಿದ್ದಾಪುರ ಸೀಮೆಯಲ್ಲಿ ಒಳ್ಳೆಯ ಚೀನೀ ಊಟ ಎಲ್ಲಿ ಸಿಗುತ್ತದೆ?

ತೋಟದಮನೆ (ಸಿದ್ದಾಪುರ):

ಎಲ್ಲರಿಗೂ ನಮಸ್ಕಾರ. ಹಲವು ವರ್ಷ ಸಿಂಗಪುರದಲ್ಲಿ ಉದ್ಯೋಗದಲ್ಲಿದ್ದು, ಈಗ ಕುಟುಂಬಸಮೇತ ಸಿದ್ದಾಪುರ ತಾಲ್ಲೂಕಿನ ನಮ್ಮ ಅಡಿಕೆ ತೋಟಕ್ಕೆ ಮರಳಿ ಬಂದಿದ್ದೇವೆ. ಊರಿನ ಊಟಕ್ಕೆ ಯಾವ ಕೊರತೆಯೂ ಇಲ್ಲ. ಆದರೆ ಅಲ್ಲಿಯೇ ಬೆಳೆದ ಮಗಳಿಗೆ ಚೀನೀ ಅಡುಗೆಯ ಹಂಬಲ ಆಗಾಗ ಕಾಡುತ್ತದೆ. ಅದರ ಜೊತೆಗೆ, ಸಿಂಗಪುರದಲ್ಲಿ ನಮ್ಮ ನೆರೆಮನೆಯಲ್ಲಿದ್ದ ಚೀನೀ ಮೂಲದ ಕುಟುಂಬವೊಂದು ಡಿಸೆಂಬರಿನಲ್ಲಿ ಜೋಗ ಮತ್ತು ಯಾಣವನ್ನು ನೋಡಲು ಬರಲಿದೆ. ಅವರಲ್ಲಿ ವಯಸ್ಸಾದ ಅಜ್ಜಿಯೊಬ್ಬರಿದ್ದು, ದಿನವೂ ಖಾರ ಮತ್ತು ತೆಂಗಿನಕಾಯಿಯ ಅಡುಗೆ ಅವರ ಹೊಟ್ಟೆಗೆ ಒಗ್ಗುವುದಿಲ್ಲ.

ಗೋಬಿ ಮಂಚೂರಿ, ಫ್ರೈಡ್ ರೈಸ್ ಈಗ ಹಳ್ಳಿಯ ಸಂತೆಯಲ್ಲಿಯೂ ಸಿಗುತ್ತವೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಂತೂ ಗೋಬಿ ಅಂಗಡಿಗಳ ಸಾಲೇ ಇರುತ್ತದೆ, ನಾವೂ ಸಂತೋಷದಿಂದ ತಿಂದಿದ್ದೇವೆ. ನಾನು ಹುಡುಕುತ್ತಿರುವುದು ಅದನ್ನಲ್ಲ. ಶುಂಠಿ ಹಾಕಿ ಹುರಿದ ಸೊಪ್ಪು, ತಿಳಿಯಾದ ಸೂಪ್, ಹಬೆಯಲ್ಲಿ ಬೆಂದ ಮೀನು, ಖಾರದ ಗ್ರೇವಿಯಲ್ಲಿ ಬೇಯಿಸಿದ ಸೋಯಾ ಪನೀರಿನ ಮಾಪೋ ತೋಫು ಇಂಥವನ್ನು ಮಾಡಬಲ್ಲ ಹೋಟೆಲು ಶಿರಸಿ, ಸಾಗರ, ಕುಮಟಾ ಅಥವಾ ಹುಬ್ಬಳ್ಳಿಯಲ್ಲಿ ಇದೆಯೇ? ಮನೆಯಲ್ಲಿಯೇ ಮಾಡುವುದಾದರೆ ನಮ್ಮದು ಸಸ್ಯಾಹಾರಿ ಅಡುಗೆಮನೆ, ತಂದೆತಾಯಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಬಟ್ಟಿಯ ಮುಂದೆ (ಹುಬ್ಬಳ್ಳಿ):

ನಾನು ಹುಬ್ಬಳ್ಳಿಯ ಹೋಟೆಲುಗಳಲ್ಲಿ ಚೈನೀಸ್ ಸೆಕ್ಷನ್ ನೋಡಿಕೊಂಡವನು, ಆದ್ದರಿಂದ ಒಳಗಿನ ಮಾತನ್ನು ಹೇಳುತ್ತೇನೆ. ನೀವು ಕೇಳಿದ ಅಡುಗೆ ನಮ್ಮ ಕಡೆಯ ಮೆನುವಿನಲ್ಲಿ ಏಕೆ ಇಲ್ಲವೆಂದರೆ, ನಾವು ಕಲಿತ ವಿದ್ಯೆಯೇ ಬೇರೊಂದು ದಾರಿಯಿಂದ ಬಂದದ್ದು. ಕೋಲ್ಕತ್ತದಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಹಕ್ಕಾ ಸಮುದಾಯದ ಚೀನೀಯರು ಭಾರತೀಯರ ನಾಲಿಗೆಗೆ ಹೊಂದಿಸಿದ ಅಡುಗೆ ಅದು. ಕೋಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಅವರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು, ಕಾರ್ನ್‌ಫ್ಲೋರಿನಲ್ಲಿ ಕರಿದ ಕೋಳಿಯನ್ನು ಹಾಕಿದ್ದರಿಂದ ಮಂಚೂರಿ ಹುಟ್ಟಿತೆಂದು ಹೇಳುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದ ಮೇಲೆ ಅದು ನಮ್ಮ ರಾಜ್ಯದ ಮೂಲೆಮೂಲೆಗೂ ಹರಡಿತು. ಈ ಅಡುಗೆಯನ್ನು ನಕಲಿ ಎಂದು ಕರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ, ಚೆನ್ನಾಗಿ ಮಾಡಿದರೆ ಅದಕ್ಕೂ ಒಂದು ಘನತೆಯಿದೆ. ಆದರೆ ನಿಮ್ಮ ಅತಿಥಿಗಳಾದ ಅಜ್ಜಿಗೆ ಬೇಕಾದದ್ದು ಅದಲ್ಲ.

ನೀವು ಕೇಳಿದ ಅಡುಗೆಯನ್ನೇ ಮೆನುವಿನಲ್ಲಿಟ್ಟ ಹೋಟೆಲು ಶಿರಸಿ, ಸಾಗರದಲ್ಲಿ ನನಗೆ ಕಂಡಿಲ್ಲ. ಹಾಗೆಂದು ಅಲ್ಲಿ ಮಾಡುವವರೇ ಇಲ್ಲ ಎಂದಲ್ಲ. ಡಾರ್ಜಿಲಿಂಗ್, ನೇಪಾಳದ ಕಡೆಯಿಂದ ಬಂದ ಅನೇಕ ಅಡುಗೆ ಮಾಸ್ಟರುಗಳು ಸಂಜೆಯ ಕೆಲಸ ಮುಗಿದ ಮೇಲೆ ತಮ್ಮ ಊಟಕ್ಕೆ ಮಾಡಿಕೊಳ್ಳುವುದು ಇಂಥ ಸರಳ ಅಡುಗೆಯನ್ನೇ. ಗಿರಾಕಿ ಕೇಳುವುದಿಲ್ಲವಾದ್ದರಿಂದ ಅದು ಹೊರಗೆ ಬರುವುದಿಲ್ಲ. ಆದ್ದರಿಂದ ಹೋಟೆಲಿನ ಹೆಸರಿಗಿಂತ ಮಾಸ್ಟರನ್ನು ಹುಡುಕಬೇಕು. ಹಿಂದಿನ ದಿನವೇ ಹೋಗಿ, ಗದ್ದಲವಿಲ್ಲದ ಇಳಿಹೊತ್ತಿನಲ್ಲಿ ಅವರೊಡನೆ ಮಾತನಾಡಿರಿ. ಹುರಿದ ಸೊಪ್ಪು, ಮೊಟ್ಟೆ ಒಡೆದು ಹಾಕಿದ ತಿಳಿ ಸೂಪ್, ಬಿಳಿ ಅನ್ನ, ಇಷ್ಟು ಸಾಕು, ಬಣ್ಣ ಬೇಡ, ಮೊದಲೇ ಮಾಡಿಟ್ಟ ಗ್ರೇವಿ ಬೇಡ ಎಂದು ಸ್ಪಷ್ಟವಾಗಿ ಹೇಳಿರಿ. ಸಾಧ್ಯವಾದರೆ ಬಟ್ಟಿಯ ಬಳಿ ನಿಂತು ನೋಡಿರಿ. ಉರಿ ಬಾಣಲೆಯ ಅಂಚಿನವರೆಗೆ ಏರುತ್ತಿದ್ದು, ಒಂದು ಸಲಕ್ಕೆ ಒಂದೆರಡು ಪ್ಲೇಟಿನಷ್ಟನ್ನು ಮಾತ್ರ ಹುರಿಯುತ್ತಿದ್ದರೆ ಆ ಮಾಸ್ಟರನ್ನು ನಂಬಬಹುದು.

ಬಣ್ಣದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು, ಏಕೆಂದರೆ ಪರೀಕ್ಷೆಗೆ ಒಳಪಡಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದಿದ್ದವು. ನಿಷೇಧದ ಬಳಿಕವೂ ತಟ್ಟೆಯಲ್ಲಿರುವ ಗೋಬಿ ಕಡುಗೆಂಪಾಗಿ ಹೊಳೆಯುತ್ತಿದ್ದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಅತ್ತಿವೇರಿ (ಮುಂಡಗೋಡ):

ನಿಮಗೆ ಶಿರಸಿಯಿಂದ ಒಂದೂವರೆ ಗಂಟೆಯ ದಾರಿಯಲ್ಲಿ ಮುಂಡಗೋಡದ ಟಿಬೆಟಿಯನ್ ಕ್ಯಾಂಪ್ ಇದೆ ಎಂಬುದನ್ನು ಯಾರೂ ಇನ್ನೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 1966ರಲ್ಲಿ ಇಲ್ಲಿ ನಿರಾಶ್ರಿತರ ವಸತಿ ಆರಂಭವಾಯಿತು, ಆಮೇಲೆ ಟಿಬೆಟಿನ ಡ್ರೆಪುಂಗ್ ಮತ್ತು ಗಾಂದೆನ್ ಬೌದ್ಧ ಮಠಗಳು ಇಲ್ಲಿ ಮರುಸ್ಥಾಪನೆಗೊಂಡವು. ಮಠಗಳ ಸುತ್ತಲಿನ ಸಣ್ಣ ಹೋಟೆಲುಗಳಲ್ಲಿ ಥುಕ್ಪಾ ಎಂಬ ನೂಡಲ್ ಸೂಪ್, ಮೊಮೊ, ಹಬೆಯಲ್ಲಿ ಬೇಯಿಸಿದ ಬನ್ನಿನಂಥ ತಿಂಗ್‌ಮೊ ಸಿಗುತ್ತವೆ. ಹಿಟ್ಟನ್ನು ಕೈಯಿಂದಲೇ ಚಪ್ಪಟೆಯಾಗಿ ಹರಿದು ಸಾರಿಗೆ ಹಾಕುವ ಥೆಂಥುಕ್ ಅಂತೂ ಮಳೆಗಾಲದ ಸಂಜೆಗೆ ಬಹಳ ಹಿತವಾಗಿರುತ್ತದೆ. ಹೆಸರುಕಾಳಿನ ಪಿಷ್ಟದಿಂದ ಮಾಡುವ ತಣ್ಣನೆಯ ಲಾಪಿಂಗ್ ಎಂಬ ತಿನಿಸು ಚೀನಾದ ಸಿಚುವಾನ್ ಪ್ರಾಂತ್ಯದ ತಿನಿಸೊಂದರ ಹತ್ತಿರದ ಸಂಬಂಧಿ, ನಿಮ್ಮ ಮಗಳಿಗೆ ಅದು ಪರಿಚಿತವೆನಿಸಬಹುದು.

ಆದರೆ ಒಂದು ವಿನಂತಿಯಿದೆ. ಅಲ್ಲಿ ಹೋಗಿ ಇದನ್ನು ಚೀನೀ ಊಟವೆಂದು ಕೇಳಬೇಡಿ. ತಮ್ಮ ನಾಡನ್ನು ಬಿಟ್ಟು ಬಂದವರ ಮನೆಯ ಅಡುಗೆ ಅದು, ಟಿಬೆಟಿನ ಊಟವೆಂದೇ ಗೌರವದಿಂದ ಉಣ್ಣಬೇಕು. ಇನ್ನೊಂದು ವ್ಯಾವಹಾರಿಕ ವಿಷಯವೆಂದರೆ, ನಿಮ್ಮ ಅತಿಥಿಗಳು ವಿದೇಶಿ ಪ್ರಜೆಗಳಾಗಿರುವುದರಿಂದ ಅವರಿಗೆ ಇಲ್ಲಿ ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್ ಬೇಕಾಗುತ್ತದೆ. ಅದನ್ನು ಕೇಂದ್ರ ಗೃಹ ಸಚಿವಾಲಯದಿಂದ ಪಡೆಯಬೇಕಾಗಿದ್ದು, ಸಾಕಷ್ಟು ಸಮಯ ಹಿಡಿಯುವುದರಿಂದ ಡಿಸೆಂಬರಿನ ಭೇಟಿಗೆ ಈಗಲೇ ಅರ್ಜಿ ಹಾಕಬೇಕು. ನಿಮ್ಮ ಕುಟುಂಬದವರು ಹೋಗಿಬರಲು ಯಾವ ಅಡ್ಡಿಯೂ ಇಲ್ಲ.

ಬಸಳೆಚಪ್ಪರ (ಯಲ್ಲಾಪುರ):

ಮೇಲಿನ ಇಬ್ಬರೂ ಹೇಳಿದ್ದು ಉಪಯುಕ್ತವಾಗಿದೆ. ಆದರೂ ನನ್ನ ಅಭಿಪ್ರಾಯದಲ್ಲಿ ನೀವು ಹುಡುಕುತ್ತಿರುವ ಊಟ ಈ ಸೀಮೆಯಲ್ಲಿ ಸಿಗುವುದಿದ್ದರೆ ಅದು ನಿಮ್ಮ ಹಿತ್ತಿಲಿನಲ್ಲಿಯೇ. ದಕ್ಷಿಣ ಚೀನಾದ ಹವೆ, ಮಳೆ, ತರಕಾರಿ ನಮ್ಮ ಮಲೆನಾಡಿನವಕ್ಕೆ ಎಷ್ಟು ಹತ್ತಿರವೆಂದರೆ, ಅಲ್ಲಿನ ಮನೆಯಡುಗೆಗೆ ಬೇಕಾದ ಅರ್ಧದಷ್ಟು ಪದಾರ್ಥಗಳಿಗೆ ಪೇಟೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ನಾವು ಅಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಬೂದುಗುಂಬಳವನ್ನು ಅವರು ಶುಂಠಿ, ಅಣಬೆಯೊಡನೆ ಕುದಿಸಿ ತಿಳಿ ಸೂಪ್ ಮಾಡುತ್ತಾರೆ. ಹರಿವೆ ಸೊಪ್ಪು, ಬಸಳೆ, ಹೀರೇಕಾಯಿ, ಹಾಗಲಕಾಯಿ, ಉದ್ದ ಅಲಸಂದೆ, ಕೆಸುವಿನ ಗೆಡ್ಡೆ ಎಲ್ಲವೂ ಅಲ್ಲಿನ ದಿನನಿತ್ಯದ ಅಡುಗೆಯಲ್ಲಿವೆ. ಕಳಲೆಯ ಮಾತು ಹೇಳಲೇಬೇಕಾಗಿಲ್ಲ. ಡಿಸೆಂಬರಿಗೆ ಹಸಿ ಕಳಲೆ ಸಿಗದಿದ್ದರೂ ಉಪ್ಪುನೀರಿನಲ್ಲಿ ಹಾಕಿಟ್ಟದ್ದನ್ನು ಚೆನ್ನಾಗಿ ತೊಳೆದು, ಬೇಯಿಸಿದ ನೀರನ್ನು ಚೆಲ್ಲಿ ಬಳಸಬಹುದು.

ಈರುಳ್ಳಿ ಬೆಳ್ಳುಳ್ಳಿ ಇಲ್ಲವೆಂಬ ಚಿಂತೆಯನ್ನು ಬಿಟ್ಟುಬಿಡಿ. ಚೀನಾದ ಬೌದ್ಧ ವಿಹಾರಗಳ ಅಡುಗೆಯಲ್ಲಿಯೂ ಇವೆರಡು ನಿಷಿದ್ಧ. ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆಯೇ ಅಲ್ಲಿ ಶತಮಾನಗಳಿಂದ ಒಂದು ಪೂರ್ಣ ಪಾಕಶಾಸ್ತ್ರ ಬೆಳೆದಿದೆ, ಸಿಂಗಪುರದ ಬೌದ್ಧ ಸಸ್ಯಾಹಾರಿ ಹೋಟೆಲುಗಳಲ್ಲಿ ನೀವೇ ಅದನ್ನು ಉಂಡಿರಬಹುದು. ಅಂದಮೇಲೆ ನಿಮ್ಮ ತಂದೆತಾಯಿ ಮತ್ತು ಆ ಅಜ್ಜಿ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಅಡುಗೆಯನ್ನು ಉಣ್ಣಲು ಸಾಧ್ಯವಿದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಆತಿಥ್ಯ ಬೇರೊಂದಿಲ್ಲ. ಬೆಳ್ಳುಳ್ಳಿ ಇಲ್ಲದ ಕೊರತೆಯನ್ನು ಒಣಗಿಸಿದ ಅಣಬೆಯ ನೆನೆಸಿದ ನೀರು ತುಂಬುತ್ತದೆ. ಆ ನೀರನ್ನು ಸೋಸಿ ಸೂಪಿಗೂ ಹುರಿದ ಪಲ್ಯಕ್ಕೂ ಬಳಸಿರಿ.

ತೋಫುವನ್ನು ಮನೆಯಲ್ಲಿ ಮಾಡಿಕೊಳ್ಳುವುದು ಕಷ್ಟವಲ್ಲ. ಧಾರವಾಡ, ಹಾವೇರಿ, ಬೆಳಗಾವಿಯ ಕಡೆ ಸೋಯಾ ಅವರೆಯನ್ನು ಹೇರಳವಾಗಿ ಬೆಳೆಯುತ್ತಾರಾದ್ದರಿಂದ ಕಾಳು ಸುಲಭವಾಗಿ ಸಿಗುತ್ತದೆ. ರಾತ್ರಿಯಿಡೀ ನೆನೆಸಿ, ಧಾರಾಳವಾಗಿ ನೀರು ಬೆರೆಸಿ ರುಬ್ಬಿ, ಬಟ್ಟೆಯಲ್ಲಿ ಸೋಸಿದ ಹಾಲನ್ನು ಹತ್ತು ನಿಮಿಷವಾದರೂ ಚೆನ್ನಾಗಿ ಕುದಿಸಬೇಕು. ಹಸಿ ಸೋಯಾ ಜೀರ್ಣವಾಗುವುದಿಲ್ಲವಾದ್ದರಿಂದ ಈ ಹಂತದಲ್ಲಿ ಅವಸರ ಸಲ್ಲದು, ಉಕ್ಕಿ ಬರುವ ನೊರೆಯನ್ನು ಕುದಿ ಎಂದು ತಿಳಿಯಲೂಬಾರದು. ಒಲೆಯಿಂದಿಳಿಸಿದ ಮೇಲೆ, ನೀರು ಬೆರೆಸಿ ತೆಳುಮಾಡಿದ ನಿಂಬೆರಸವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಹೋದರೆ ಹಾಲು ಒಡೆಯುತ್ತದೆ, ಅದನ್ನು ಬಟ್ಟೆಯಲ್ಲಿ ಕಟ್ಟಿ ಭಾರ ಹೇರಿದರೆ ಆಯಿತು.

ಇನ್ನು ಮಾಪೋ ತೋಫುವಿಗೆ ಬೇಕಾದ, ನಾಲಿಗೆಯನ್ನು ಮರಗಟ್ಟಿಸುವ ಸಿಚುವಾನ್ ಮೆಣಸು. ನಮ್ಮ ಕರಾವಳಿಯವರು ಬಂಗಡೆಯ ಸಾರಿಗೆ ಹಾಕುವ ಜುಮ್ಮನಕಾಯಿ, ಅಂದರೆ ಕೊಂಕಣಿಗರ ತೆಪ್ಪಲ್, ಅದೇ ಕುಲಕ್ಕೆ ಸೇರಿದ ಮರದ ಕಾಯಿ. ಎರಡರಲ್ಲಿಯೂ ಒಳಗಿನ ಕಪ್ಪು ಬೀಜವನ್ನು ತೆಗೆದು ಸಿಪ್ಪೆಯನ್ನು ಮಾತ್ರ ಬಳಸುತ್ತಾರೆ, ಎರಡೂ ನಾಲಿಗೆಯನ್ನು ಜುಮ್ಮೆನಿಸುತ್ತವೆ. ನಮ್ಮದರಲ್ಲಿ ಕಿತ್ತಳೆ ಸಿಪ್ಪೆಯಂಥ ಪರಿಮಳ ಹೆಚ್ಚಾಗಿರುವುದರಿಂದ ಅಳತೆ ಸ್ವಲ್ಪ ಕಡಿಮೆಯಿರಲಿ. ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಕುಟ್ಟಿ, ಒಲೆಯಿಂದ ಇಳಿಸಿದ ಮೇಲೆ ಉದುರಿಸಿದರೆ ಪರಿಮಳ ಉಳಿಯುತ್ತದೆ.

ಪೇಟೆಯಿಂದ ತರಲೇಬೇಕಾದವು ಎರಡೇ. ಒಂದು, ಹುದುಗಿಸಿ ಮಾಡಿದ ಸೋಯಾ ಸಾಸ್. ಬಾಟಲಿಯ ಹಿಂದಿನ ಪಟ್ಟಿಯಲ್ಲಿ ಸೋಯಾ, ಗೋಧಿ, ಉಪ್ಪು, ನೀರು ಮಾತ್ರ ಇದ್ದರೆ ಉತ್ತಮ, ಕ್ಯಾರಮೆಲ್ ಬಣ್ಣ ಮತ್ತು ಆಮ್ಲಗಳೇ ಮುಂದಿದ್ದರೆ ಬೇಡ. ಇನ್ನೊಂದು ಮೆಣಸಿನಕಾಯಿ ಮತ್ತು ಬ್ರಾಡ್ ಬೀನ್ ಕಾಳನ್ನು ಹುದುಗಿಸಿ ಮಾಡಿದ ಮಸಾಲೆ ಮುದ್ದೆಯಾದ ದೌಬಾನ್‌ಜಿಯಾಂಗ್. ಇದು ಆನ್‌ಲೈನಿನಲ್ಲಿ ಸಿಗುತ್ತದೆ. ಕೆಲವು ಕಂಪನಿಗಳು ಬೆಳ್ಳುಳ್ಳಿ ಸೇರಿಸುವುದರಿಂದ ಕೊಳ್ಳುವ ಮೊದಲು ಪಟ್ಟಿಯನ್ನು ಓದಿರಿ.

ಉರಿಯ ವಿಷಯದಲ್ಲಿ ನೀವು ಪೇಟೆಯವರಿಗಿಂತ ಅದೃಷ್ಟವಂತರು. ಮನೆಯ ಗ್ಯಾಸ್ ಒಲೆಯಲ್ಲಿ ಬಾಣಲೆ ಸಾಕಷ್ಟು ಕಾಯದೆ ಸೊಪ್ಪು ನೀರು ಬಿಟ್ಟು ಬೇಯುತ್ತದೆ, ಹುರಿಯುವುದೇ ಇಲ್ಲ. ಡಿಸೆಂಬರ್ ಅಡಿಕೆ ಸುಗ್ಗಿಯ ಕಾಲವಾದ್ದರಿಂದ ನಿಮ್ಮ ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆ ಹೇಗೂ ಉರಿಯುತ್ತಿರುತ್ತದೆ. ತೆಳುವಾದ ಕಬ್ಬಿಣದ ಬಾಣಲೆಯನ್ನು ಅಲ್ಲಿ ಹೊಗೆಯೇಳುವವರೆಗೆ ಕಾಯಿಸಿ, ಎಣ್ಣೆ, ಜಜ್ಜಿದ ಶುಂಠಿ, ನೀರು ಪೂರ್ತಿ ಬಸಿದ ಸೊಪ್ಪನ್ನು ಈ ಕ್ರಮದಲ್ಲಿ ಹಾಕಿ, ಒಂದು ನಿಮಿಷದೊಳಗೆ ಇಳಿಸಿರಿ. ಪ್ರತಿ ಸಲವೂ ಇಬ್ಬರಿಗೆ ಆಗುವಷ್ಟನ್ನು ಮಾತ್ರ ಮಾಡಬೇಕು.

ಬಟ್ಟಿಯ ಮುಂದೆ (ಹುಬ್ಬಳ್ಳಿ):

ಅಕ್ಕನವರು ಉರಿಯ ಬಗ್ಗೆ ಹೇಳಿದ್ದು ಅಕ್ಷರಶಃ ಸತ್ಯ. ಒಂದು ಮಾತು ಸೇರಿಸುತ್ತೇನೆ. ಫ್ರೈಡ್ ರೈಸ್ ಮಾಡುವುದಾದರೆ ಹಿಂದಿನ ದಿನವೇ ಅನ್ನವನ್ನು ಉದುರುದುರಾಗಿ ಮಾಡಿ, ಬೇಗ ಆರಿಸಿ, ಫ್ರಿಜ್ಜಿನಲ್ಲಿಡಿ. ಬಿಸಿ ಅನ್ನ ಬಾಣಲೆಗೆ ಅಂಟಿಕೊಂಡು ಮುದ್ದೆಯಾಗುತ್ತದೆ.

ಕಾಳಿಕೊಳ್ಳ (ಕಾರವಾರ):

ಹಬೆಯ ಮೀನಿನ ಬಗ್ಗೆ ನಾನು ಹೇಳಬಲ್ಲೆ. ಅತಿಥಿಗಳನ್ನು ಯಾಣದಿಂದ ಹಾಗೆಯೇ ಕುಮಟಾದ ಕಡೆಗೆ ಇಳಿಸಿರಿ. ಬೆಳಗಿನ ಮೀನು ಮಾರುಕಟ್ಟೆಯಲ್ಲಿ ತಾಜಾ ಪಾಪ್ಲೆಟ್ ಸಿಕ್ಕರೆ, ಹೋಮ್‌ಸ್ಟೇಯವರನ್ನು ಮೊದಲೇ ಕೇಳಿಕೊಂಡಲ್ಲಿ ಅವರ ಅಡುಗೆಮನೆಯಲ್ಲಿಯೇ ಮಾಡಿಸಬಹುದು. ಸಿಂಗಪುರದ ಟಿಯೋಚೂ ಎಂಬ ಚೀನೀ ಸಮುದಾಯದ ಮನೆಗಳಲ್ಲಿ ಪಾಪ್ಲೆಟ್ಟನ್ನು ಶುಂಠಿ, ಟೊಮೆಟೊ, ಉಪ್ಪಿನಲ್ಲಿಟ್ಟ ಹುಳಿ ಪ್ಲಮ್ ಹಣ್ಣಿನೊಡನೆ ಹಬೆಯಲ್ಲಿ ಬೇಯಿಸುತ್ತಾರೆ. ಆ ಹಣ್ಣಿನ ಬದಲು, ಖಾರ ಬೆರೆಸುವ ಮೊದಲು ಉಪ್ಪಿನಲ್ಲಿಟ್ಟ ನಿಮ್ಮ ಕಡೆಯ ಅಪ್ಪೆಮಿಡಿಯನ್ನು ಸೀಳಿ ಹಾಕಿದರೆ ಹುಳಿಯೂ ಪರಿಮಳವೂ ಒದಗುತ್ತವೆ. ಇಡ್ಲಿ ಪಾತ್ರೆಯ ನೀರು ಚೆನ್ನಾಗಿ ಕುದಿಯತೊಡಗಿದ ಮೇಲೆಯೇ ತಟ್ಟೆಯನ್ನು ಒಳಗಿಡಬೇಕು. ಸಾಧಾರಣ ಗಾತ್ರದ ಮೀನು ಹತ್ತು ನಿಮಿಷದ ಆಸುಪಾಸಿನಲ್ಲಿ ಬೇಯುತ್ತದೆ, ಅದಕ್ಕಿಂತ ಹೆಚ್ಚು ಬಿಟ್ಟರೆ ಬಿರುಸಾಗುತ್ತದೆ.

ತೋಟದಮನೆ (ಸಿದ್ದಾಪುರ):

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪರ್ಮಿಟ್ಟಿನ ವಿಷಯ ನನಗೆ ತಿಳಿದಿರಲಿಲ್ಲ, ಇಂದೇ ಸ್ನೇಹಿತರಿಗೆ ಬರೆಯುತ್ತೇನೆ. ಜುಮ್ಮನಕಾಯಿ ನಮ್ಮ ಘಟ್ಟದ ಮೇಲಿನ ಅಂಗಡಿಗಳಲ್ಲಿ ಸುಲಭವಾಗಿ ಕಾಣುವುದಿಲ್ಲ. ಎಲ್ಲಿ ಕೊಳ್ಳಬೇಕು, ಒಳ್ಳೆಯದನ್ನು ಹೇಗೆ ಗುರುತಿಸಬೇಕು?

ಬಸಳೆಚಪ್ಪರ (ಯಲ್ಲಾಪುರ):

ಕುಮಟಾ, ಅಂಕೋಲಾ, ಕಾರವಾರದ ಸಂತೆಗಳಲ್ಲಿ, ಮೀನಿನ ಮಸಾಲೆ ಪದಾರ್ಥ ಮಾರುವ ದಿನಸಿ ಅಂಗಡಿಗಳಲ್ಲಿ ಒಣಗಿದ ಜುಮ್ಮನಕಾಯಿ ಸಿಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಕಾಯಿ ಬರುವುದರಿಂದ ನವೆಂಬರಿನಲ್ಲಿ ಕೊಂಡರೆ ನಿಮ್ಮ ಅತಿಥಿಗಳ ಹೊತ್ತಿಗೆ ಸರಿಯಾಗುತ್ತದೆ. ಕಾಯಿ ಬಾಯಿಬಿಟ್ಟಿರಬೇಕು. ಸಿಪ್ಪೆಯ ಚೂರೊಂದನ್ನು ಕಚ್ಚಿದ ಕೂಡಲೇ ನಾಲಿಗೆಯ ತುದಿ ಮರಗಟ್ಟದಿದ್ದರೆ ಅದು ಹಳೆಯ ದಾಸ್ತಾನು. ಗಾಳಿಯಾಡದ ಗಾಜಿನ ಬಾಟಲಿಯಲ್ಲಿ ಇಡಿಯಾಗಿಯೇ ಇಟ್ಟು, ಬೇಕಾದಾಗ ಮಾತ್ರ ಪುಡಿಮಾಡಿಕೊಳ್ಳಿ.