ಅಪ್‌ಡೇಟ್: ಎಚ್‌ಐವಿ ಭಯ ಅಂತ ಕೇಳಿದ್ದೆನಲ್ಲ, ರಿಸಲ್ಟ್ ಬಂತು

ಕಾಂಡೋಮ್ ಹಾಕಿದ್ದೆ, ಹರಿದಿರಲಿಲ್ಲ, ಆದರೂ ಎಚ್‌ಐವಿ ಭಯಕ್ಕೆ ನಿದ್ದೆ ಬರ್ತಿಲ್ಲ ಅಂತ ಇಲ್ಲಿ ಬರೆದಿದ್ದು ನಾನೇ. ಮೊನ್ನೆ, ಸಂಪರ್ಕ ಆಗಿ 46ನೇ ದಿನ, ಫೋರ್ತ್ ಜನರೇಷನ್ ಟೆಸ್ಟ್ (ಎಚ್‌ಐವಿಗೆ ಮಾಡೋ ಒಂದು ಬಗೆಯ ರಕ್ತ ಪರೀಕ್ಷೆ) ಮಾಡಿಸಿದೆ. ನಾನ್ ರಿಯಾಕ್ಟಿವ್, ಅಂದರೆ ನೆಗೆಟಿವ್!

'1097ಕ್ಕೆ ಫೋನ್ ಮಾಡಿ' ಅಂದವರಿಗೆ ದೊಡ್ಡ ನಮಸ್ಕಾರ. ಅದು ಸರ್ಕಾರದ ಏಡ್ಸ್ ಸಹಾಯವಾಣಿ, ಫ್ರೀ ನಂಬರ್, ಕನ್ನಡದಲ್ಲೇ ಮಾತಾಡಿದರು, ಹೆಸರೂ ಕೇಳಲಿಲ್ಲ. ಆಮೇಲೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಹೋದೆ. ಪರಿಚಯದವರು ಸಿಕ್ಕಾರು ಅಂತ ಮೆಜೆಸ್ಟಿಕ್‌ನಲ್ಲಿ ಮಾಸ್ಕ್ ಕೊಂಡು ಹಾಕಿಕೊಂಡಿದ್ದೆ, ಈಗ ನಗು ಬರುತ್ತೆ. ಅಲ್ಲಿನ ಕೌನ್ಸೆಲರ್ ಮೇಡಂ ಒಂಚೂರೂ ಮುಖ ಸಿಂಡರಿಸಲಿಲ್ಲ. 'ನಿಮಗೆ ರಿಸ್ಕ್‌ಗಿಂತ ಭಯವೇ ಜಾಸ್ತಿ ಕಣಪ್ಪ' ಅಂದರು.

ಕೆಲಸಕ್ಕೆ ಬಾರದ ಸಲಹೆ ಅಂದರೆ 'ಈಗಲೇ ಟೆಸ್ಟ್ ಮಾಡಿಸಿ' ಅನ್ನೋದು. 10ನೇ ದಿನವೇ ಪ್ರೈವೇಟ್ ಲ್ಯಾಬ್‌ಗೆ ದುಡ್ಡು ಸುರಿದೆ. ಅಷ್ಟು ಬೇಗ ನೆಗೆಟಿವ್ ಬಂದರೂ ನಂಬೋ ಹಾಗಿಲ್ಲವಂತೆ. ಗೂಗಲ್‌ನಲ್ಲಿ ಲಕ್ಷಣ ಹುಡುಕಿದ್ದಂತೂ ಇನ್ನೂ ದಂಡ, ಗಂಟಲು ನೋವು ಬಂದಿದ್ದು ಬೆಂಗಳೂರಿನ ಧೂಳಿಗೆ!

ಗೊತ್ತೇ ಇರದ ವಿಷಯ: ನಿಜವಾಗಿ ರಿಸ್ಕ್ ಆಗಿದ್ದರೆ 72 ಗಂಟೆಯೊಳಗೆ ಪಿಇಪಿ ಮಾತ್ರೆ (ಎಚ್‌ಐವಿ ಅಂಟದ ಹಾಗೆ ತಡೆಯೋಕೆ ಕೊಡೋದು) ಶುರು ಮಾಡಬೇಕು, 28 ದಿನ ತಗೋಬೇಕು. ನನಗೆ ಅದು ಬೇಕಿರಲಿಲ್ಲ. ನಿದ್ದೆ ಮಾತ್ರ ಬೇಕಿತ್ತು, ನಿನ್ನೆ ಒಂಬತ್ತು ಗಂಟೆ ಹೊಡೆದೆ.