ಹಳ್ಳಿ ಹೋಗಿ ಹಲ್ಲಿಯಾಗದಂಥ ಯೂಸರ್‌ನೇಮ್

ಪ್ರಶ್ನೆ: ಎಲ್ಲ ಕಡೆ ನಡೆಯುವ ಒಂದೇ ಯೂಸರ್‌ನೇಮ್ ಬೇಕು, ಕನ್ನಡ ಪದವೇ ಆಗಬೇಕು. 'ಹಳ್ಳಿಹೈದ' ಅಂದುಕೊಂಡಿದ್ದೇನೆ. ಸಿಗದಿದ್ದರೆ ಹಿಂದೆ ಅಂಡರ್‌ಸ್ಕೋರ್ ಅಥವಾ ಹುಟ್ಟಿದ ವರ್ಷದ 88 ಸೇರಿಸೋಣ ಅಂತ. ಅಂದಹಾಗೆ ಹೀಗೆ ಬಾಲ ಅಂಟಿಸೋದು ಎಲ್ಲಿಂದ ಬಂತು? ತಿಳಿದವರು ಹೇಳಿ.

ಕಾಗುಣಿತ: ಮೊದಲು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ, ಯಾಕಂದ್ರೆ ದೊಡ್ಡ ತಾಣಗಳಲ್ಲಿ ಹೆಚ್ಚಿನವು ಯೂಸರ್‌ನೇಮ್‌ಗೆ ಕನ್ನಡ ಲಿಪಿ ಒಪ್ಪುವುದಿಲ್ಲ. ಎಚ್-ಎ-ಎಲ್-ಎಲ್-ಐ ಅಂದರೆ ಹಳ್ಳಿಯೂ ಹೌದು, ಹಲ್ಲಿಯೂ ಹೌದು. ನೀವು ಹಲ್ಲಿಹೈದ ಆಗಿಬಿಡ್ತೀರಿ! ಳಕಾರಕ್ಕೆ ದೊಡ್ಡ ಎಲ್ ಹಾಕಿದರಾಯ್ತು ಅಂತೀರಾ? ಇನ್‌ಸ್ಟಾಗ್ರಾಂ, ಡಿಸ್ಕಾರ್ಡ್‌ಗಳಲ್ಲಿ ಸಣ್ಣಕ್ಷರ ಮಾತ್ರ. ಎಕ್ಸ್‌ನಲ್ಲಿ ದೊಡ್ಡಕ್ಷರ ಕಣ್ಣಿಗೆ ಕಾಣುತ್ತದೆ, ಲೆಕ್ಕಕ್ಕಿಲ್ಲ.

ದೀರ್ಘದ್ದೂ ಇದೇ ಗೋಳು. ಬಲ, ಬಾಲ, ಬಳ ಮೂರಕ್ಕೂ ಜನ ಅದೇ ನಾಲ್ಕು ಅಕ್ಷರ ಒತ್ತುತ್ತಾರೆ. 'ಮನೆ'ಯನ್ನು ಎಂ-ಎ-ಎನ್-ಇ ಎಂದು ಬರೆದರೆ ಕನ್ನಡ ಬಾರದವರು 'ಮೇನ್' ಎಂದು ಓದುತ್ತಾರೆ, ಅವರಿಗದು ಕುದುರೆಯ ಜೂಲು. ಹಾಗಾಗಿ ಳ, ಣ, ಷ, ಮಹಾಪ್ರಾಣ, ದೀರ್ಘ ಇಲ್ಲದ ಪದ ಹುಡುಕಿ. ಗುಬ್ಬಿ, ಮಿಂಚು ಇಂಥವು. ಒಂಟಿ ಪದ ಯಾರೋ ಹಿಡಿದಿರುತ್ತಾರೆ, ಎರಡನ್ನು ಜೋಡಿಸಿ 'ಮಿಂಚುಗುಬ್ಬಿ' ಮಾಡಿದರೆ ಸಿಗುವ ಸಾಧ್ಯತೆ ಹೆಚ್ಚು. ಆಮೇಲೆ ಒಬ್ಬರಿಗೆ ಬರೆದು ತೋರಿಸಿ ಓದಿಸಿ, ಇನ್ನೊಬ್ಬರಿಗೆ ಬಾಯಲ್ಲಿ ಹೇಳಿ ಟೈಪ್ ಮಾಡಿಸಿ. ಇಬ್ಬರೂ ಎಡವದಿದ್ದರೆ ಹೆಸರು ಪಾಸು.

ಹಳೇಟರ್ಮಿನಲ್: ಬಾಲದ ಕತೆಗೆ ಬರೋಣ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಹಳೆಯ ಆವೃತ್ತಿಗಳಲ್ಲಿ ಲಾಗಿನ್ ಹೆಸರಿಗೆ 8 ಅಕ್ಷರವಷ್ಟೇ ಜಾಗ. ಇನಿಷಿಯಲ್ ಜೊತೆ ಅರ್ಧ ಕತ್ತರಿಸಿದ ಅಡ್ಡಹೆಸರು ಸೇರಿಸುವ ರೂಢಿಗೆ ಈ ಇಕ್ಕಟ್ಟೂ ಒಂದು ಕಾರಣ. 1988ರಲ್ಲಿ ಫಿನ್‌ಲೆಂಡಿನಲ್ಲಿ ಹುಟ್ಟಿದ ಐಆರ್‌ಸಿ ಚಾಟ್‌ಗೆ 1993ರಲ್ಲಿ ಬಂದ ನಿಯಮಾವಳಿ ಕೊಟ್ಟಿದ್ದು 9 ಅಕ್ಷರ. ಅಲ್ಲಿ ಲೈನ್ ಕಟ್ಟಾದರೆ ಸರ್ವರ್‌ಗೆ ತಕ್ಷಣ ಗೊತ್ತಾಗುತ್ತಿರಲಿಲ್ಲ, ನಿಮ್ಮ ಹೆಸರು ಇನ್ನೂ ಒಳಗೇ ಕೂತಿರುತ್ತಿತ್ತು. ಮತ್ತೆ ಸೇರಲು ಹೋದರೆ 'ಈ ಹೆಸರು ಬಳಕೆಯಲ್ಲಿದೆ' ಅನ್ನುತ್ತಿತ್ತು. ಆಗ ಅನೇಕ ಚಾಟ್ ಪ್ರೋಗ್ರಾಂಗಳು ತಾವಾಗಿಯೇ ಒಂದು ಅಂಡರ್‌ಸ್ಕೋರ್ ಅಂಟಿಸಿ ಒಳಗೆ ಬಿಡುತ್ತಿದ್ದವು. ಅಂದರೆ ಬಾಲವಿದ್ದವರು ತಮ್ಮದೇ ದೆವ್ವವನ್ನು ಹಿಂದೆ ಬಿಟ್ಟು ಬಂದವರು. ಪದಗಳ ನಡುವಿನ ಅಂಡರ್‌ಸ್ಕೋರ್‌ಗೆ ಇಷ್ಟೆಲ್ಲ ಇತಿಹಾಸವಿಲ್ಲ, ಖಾಲಿ ಜಾಗ ಬಿಡಲು ಅವಕಾಶವಿಲ್ಲದ್ದಕ್ಕೆ ಅದು ಬಂತು. ಯೂಸರ್‌ನೇಮ್‌ಗೆ ಬಳಸುವ 'ಹ್ಯಾಂಡಲ್' ಎಂಬ ಮಾತು ಇದಕ್ಕಿಂತ ಹಳತು, ಜನಸಾಮಾನ್ಯರು ತಮ್ಮತಮ್ಮಲ್ಲಿ ಮಾತಾಡಲು ಬಳಸುವ ಸಿಬಿ ರೇಡಿಯೊದಲ್ಲಿ ಲಾರಿ ಚಾಲಕರು ತಮ್ಮ ಗುಪ್ತನಾಮಕ್ಕೆ ಹಾಗನ್ನುತ್ತಿದ್ದರು.

ಸೊನ್ನೆಸುತ್ತು: 88 ಮಾತ್ರ ಬೇಡ. ಇಂಗ್ಲಿಷ್ ವರ್ಣಮಾಲೆಯಲ್ಲಿ ಎಚ್ ಎಂಟನೆಯದು, ಎರಡು ಎಂಟು ಸೇರಿದರೆ ನವನಾಜಿಗಳಿಗೆ 'ಹೈಲ್ ಹಿಟ್ಲರ್' ಸಂಕೇತ. ಚೀನೀಯರಿಗೆ 8 ಶುಭ, ಹವ್ಯಾಸಿ (ಹ್ಯಾಮ್) ರೇಡಿಯೊದವರಿಗೆ 88 ಅಂದರೆ ಪ್ರೀತಿಯ ಮುತ್ತು. ನೋಡುವವರಿಗೆ ನೀವು ಇದರಲ್ಲಿ ಯಾರೆಂದು ತಿಳಿಯುವುದಿಲ್ಲ. ಮೇಲಾಗಿ ಹುಟ್ಟಿದ ವರ್ಷವನ್ನು ಊರಿಗೆಲ್ಲ ಸಾರಿದಂತೆ. ಎ ಬದಲು 4, ಇ ಬದಲು 3 ಬರೆಯುವ ಹಳೇ ಹ್ಯಾಕರ್ ಶೋಕಿಯೂ ಬೇಡ. ಫೋನಿನಲ್ಲಿ ಹೇಳುವಾಗ ಸೊನ್ನೆಯೋ ಓ ಅಕ್ಷರವೋ ಎಂದು ಪ್ರತಿ ಸಲ ವಿವರಿಸಬೇಕು.

ಇನ್ನು ಉದ್ದ. ಜಿಮೇಲ್‌ಗೆ ಕನಿಷ್ಠ 6, ಎಕ್ಸ್‌ಗೆ ಗರಿಷ್ಠ 15. ಹಾಗಾಗಿ 6ರಿಂದ 15ರೊಳಗೆ ಇರಲಿ. ಪ್ರೋಗ್ರಾಮರ್‌ಗಳು ಕೋಡ್ ಇಡುವ ಗಿಟ್‌ಹಬ್ ಅಂಡರ್‌ಸ್ಕೋರ್ ಒಪ್ಪಲ್ಲ, ಎಕ್ಸ್ ಹೈಫನ್ ಒಪ್ಪಲ್ಲ, ಜಿಮೇಲ್ ಎರಡನ್ನೂ ಒಪ್ಪಲ್ಲ. ಚುಕ್ಕಿಯನ್ನು ಜಿಮೇಲ್ ಎಣಿಸುವುದೇ ಇಲ್ಲ, ಇನ್‌ಸ್ಟಾಗ್ರಾಂ ಎಣಿಸುತ್ತದೆ. ನಕಲಿ ಖಾತೆಯವರಿಗೆ ಅದೇ ಒಂದು ಚುಕ್ಕಿ ಸಾಕು. ಎಲ್ಲ ಸೇರಿಸಿದರೆ ಉಳಿಯುವುದು ಬರೀ ಸಣ್ಣಕ್ಷರ. ಮಿಂಚುಗುಬ್ಬಿಗೆ 11 ಅಕ್ಷರ, ಸರಿಹೋಗುತ್ತದೆ.

ಕೊಂಡಿಕಳಚು: ಮೇಲಿನವರು ಹೇಳದ ಒಂದು ವಿಷಯ. ಹಿಡಿಯುವ ಮುನ್ನ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಸರ್ಚ್ ಮಾಡಿ, ಅದೇ ಹೆಸರಲ್ಲಿ ಬೇರೆಯವರು ಏನು ಬರೆದಿದ್ದಾರೆಂದು ನೋಡಿ. ಅವರ ಜಗಳ ನಿಮ್ಮ ತಲೆಗೆ ಬರುತ್ತದೆ. ಆಮೇಲೆ ಒಂದೇ ದಿನ ಕೂತು ಎಲ್ಲ ಕಡೆ ನೋಂದಾಯಿಸಿ, ಇಮೇಲ್‌ನಿಂದ ಶುರುಮಾಡಿ. ಆಮೇಲೆ ಬದಲಿಸ್ತೀನಿ ಅಂದ್ಕೋಬೇಡಿ. ರೆಡ್ಡಿಟ್‌ನಲ್ಲಿ ಒಮ್ಮೆ ಇಟ್ಟ ಹೆಸರು ಗಟ್ಟಿ. ಗಿಟ್‌ಹಬ್‌ನಲ್ಲಿ ಬದಲಿಸಬಹುದು, ಆದರೆ ಬಿಟ್ಟ ಹೆಸರನ್ನು ಬೇರೆ ಯಾರಾದರೂ ತೆಗೆದುಕೊಳ್ಳಬಹುದು. ಅವರು ನಿಮ್ಮಲ್ಲಿದ್ದ ಹೆಸರಿನದೇ ರೆಪೊಸಿಟರಿ (ಕೋಡ್ ಸಂಗ್ರಹ) ತೆರೆದರೆ ನಿಮ್ಮ ಹಳೆಯ ಕೊಂಡಿಗಳು ಅವರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತವೆ.

'ಎಲ್ಲ ಕಡೆ ಒಂದೇ' ಎನ್ನುವುದಕ್ಕೂ ಒಂದು ಮಿತಿ ಇರಲಿ. ಶೆರ್ಲಾಕ್ ಎಂಬ ಉಚಿತ ಪ್ರೋಗ್ರಾಂಗೆ ಹೆಸರೊಂದನ್ನು ಕೊಟ್ಟರೆ ನೂರಾರು ತಾಣಗಳಲ್ಲಿ ಅದೇ ಹೆಸರಿನ ಖಾತೆ ಇದೆಯೇ ಎಂದು ತಡಕಾಡಿ ಪಟ್ಟಿ ಕೊಡುತ್ತದೆ. ಕೆಲಸ, ಹವ್ಯಾಸಕ್ಕೆ ಮಿಂಚುಗುಬ್ಬಿ ಇರಲಿ. ಕಾಯಿಲೆ, ಸಾಲ, ಮನೆ ವಿಚಾರ ಕೇಳುವ ಕಡೆ ಸಂಬಂಧವೇ ಇಲ್ಲದ ಇನ್ನೊಂದು ಹೆಸರು, ಅದಕ್ಕೆ ಬೇರೆಯೇ ಇಮೇಲ್, ಬೇರೆಯೇ ಫೋಟೊ.